ಸೆಟ್ಟಿನ ಬೆನ್ನಿನ ಮೇಲಿರುವ ‘66’ ಮತ್ತು ಡಬ್ಲ್ಯುಎಫ್‌ಎಎನ್ ನಿಲಯದ ಇತಿಹಾಸ

ನಮಸ್ಕಾರ ಸರ್. ನ್ಯೂಜೆರ್ಸಿಯ ಸೋದರಮಾವನವರಿಂದ ಬಂದ ಡಿಜಿಟಲ್ ರೇಡಿಯೊದ ಬೆನ್ನಿಗೆ ‘66 ಡಬ್ಲ್ಯುಎಫ್‌ಎಎನ್’ ಎಂಬ ಚೀಟಿ ಇದೆ, ಅದು ಯಾವ ನಿಲಯ, ಇಲ್ಲಿ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಅದೇ ಸೆಟ್ಟಿನಲ್ಲಿ ಬೆಂಗಳೂರು ಆಕಾಶವಾಣಿ ಕರಕರ ಎನ್ನುತ್ತದೆ ಎಂದೂ ಬರೆದಿದ್ದೀರಿ. ಎರಡಕ್ಕೂ ಉತ್ತರಿಸುತ್ತೇನೆ.

ಅದು ನ್ಯೂಯಾರ್ಕ್‌ನ ಕ್ರೀಡಾ ನಿಲಯ, ‘66’ ಎಂದರೆ ಅದರ ತರಂಗವಾದ 660 ಕಿಲೋಹರ್ಟ್ಸ್. ಆದರೆ ಅದು ಹುಟ್ಟಿದ್ದು 660ರಲ್ಲಲ್ಲ. 1050 ಕಿಲೋಹರ್ಟ್ಸ್‌ನಲ್ಲಿ ಕಂಟ್ರಿ ಸಂಗೀತ ಪ್ರಸಾರ ಮಾಡುತ್ತಿದ್ದ ಡಬ್ಲ್ಯುಎಚ್‌ಎನ್ ನಿಲಯವನ್ನು ಕೊಂಡಿದ್ದ ಎಮ್ಮಿಸ್ ಕಂಪನಿ, 1987ರ ಜುಲೈ 1ರ ಮಧ್ಯಾಹ್ನ 3 ಗಂಟೆಗೆ ಹಾಡು ನಿಲ್ಲಿಸಿ, ದಿನವಿಡೀ ಕ್ರೀಡೆಯನ್ನೇ ಮಾತನಾಡುವ ನಿಲಯವಾಗಿ ಅದನ್ನು ಬದಲಿಸಿತು. ಮೊದಲು ಕೇಳಿಬಂದ ಧ್ವನಿ ಕ್ರೀಡಾವಾರ್ತೆ ಓದಿದ ಸೂಸನ್ ವಾಲ್ಡ್‌ಮನ್ ಅವರದು. ಹಾಡು ಕೇಳುವವರು ಅಷ್ಟರಲ್ಲಾಗಲೇ ಎಫ್‌ಎಂಗೆ ಹೋಗಿದ್ದರಿಂದ ಎಎಂ (ಮಧ್ಯಮ ತರಂಗ) ನಿಲಯಗಳಿಗೆ ಮಾತಲ್ಲದೆ ಬೇರೆ ದಾರಿ ಇರಲಿಲ್ಲ. ಮೆಟ್ಸ್ ಬೇಸ್‌ಬಾಲ್ ತಂಡದ ಪಂದ್ಯಗಳ ವೀಕ್ಷಕ ವಿವರಣೆ ಹಳೆಯ ನಿಲಯದಿಂದಲೇ ಬಳುವಳಿಯಾಗಿ ಬಂದದ್ದು ಹೊಸ ನಿಲಯಕ್ಕೆ ಆಸರೆಯಾಯಿತು.

ನಮ್ಮಂಥ ಹವ್ಯಾಸಿಗಳಿಗೆ ಮುಖ್ಯವಾದದ್ದು ಮುಂದಿನ ವರ್ಷದ ಸ್ಥಳಾಂತರ. 1050 ಮೆಕ್ಸಿಕೋದ ಮಾಂಟೆರೇ ನಗರದ ನಿಲಯಕ್ಕೆ ಮೀಸಲಾದ ತರಂಗವಾದ್ದರಿಂದ, ನ್ಯೂಯಾರ್ಕ್‌ನವರು ರಾತ್ರಿ ಆ ದಿಕ್ಕಿಗೆ ಸಂಕೇತ ಹೋಗದಂತೆ ತಡೆದು ಪ್ರಸಾರ ಮಾಡಬೇಕಿತ್ತು. ಅದೇ ಹೊತ್ತಿಗೆ, ಜನರಲ್ ಎಲೆಕ್ಟ್ರಿಕ್‌ನ ಕೈಸೇರಿದ್ದ ಪ್ರಸಾರ ಸಂಸ್ಥೆ ಎನ್‌ಬಿಸಿ ತನ್ನ ರೇಡಿಯೊ ನಿಲಯಗಳನ್ನು ಮಾರತೊಡಗಿತು. ಅವುಗಳಲ್ಲಿದ್ದ ಡಬ್ಲ್ಯುಎನ್‌ಬಿಸಿಯ 660 ತರಂಗಕ್ಕೆ 50 ಕಿಲೋವ್ಯಾಟ್ ಶಕ್ತಿಯಿತ್ತು, ಯಾವ ದಿಕ್ಕಿನ ತಡೆಯೂ ಇರಲಿಲ್ಲ, ಮೇಲಾಗಿ ಅದು ಕೆಳಗಿನ ಆವರ್ತನವಾದ್ದರಿಂದ ನೆಲದ ಮೇಲೆ ಹೆಚ್ಚು ದೂರ ಹರಿಯುತ್ತಿತ್ತು. 1988ರ ಅಕ್ಟೋಬರ್ 7ರ ಸಂಜೆ 5.30ಕ್ಕೆ ಡಬ್ಲ್ಯುಎನ್‌ಬಿಸಿ ಮೌನವಾಯಿತು, ಡಬ್ಲ್ಯುಎಫ್‌ಎಎನ್ ಆ ಜಾಗಕ್ಕೆ ಬಂತು. ಬ್ರಾಂಕ್ಸ್‌ನ ಹೈ ಐಲೆಂಡ್ ಎಂಬ ಪುಟ್ಟ ದ್ವೀಪದಲ್ಲಿರುವ ಅದರ ಗೋಪುರವನ್ನು 880ರ ನಿಲಯವೂ ಬಳಸುತ್ತದೆ.

ತರಂಗದ ಜೊತೆಗೆ ಡಬ್ಲ್ಯುಎನ್‌ಬಿಸಿಯ ನಿರೂಪಕ ಡಾನ್ ಐಮಸ್ ಅವರ ಬೆಳಗಿನ ಕಾರ್ಯಕ್ರಮವೂ ಬಂತು. ಅದರಲ್ಲಿ ಕ್ರೀಡೆಗಿಂತ ರಾಜಕೀಯ ಮತ್ತು ಲೇವಡಿಯೇ ಹೆಚ್ಚು. ಆದರೂ ಕ್ರೀಡಾ ನಿಲಯದ ಆರಂಭದ ದಿನಗಳ ಹೊಟ್ಟೆ ತುಂಬಿಸಿದ್ದು ಅದೇ ಎಂಬುದು ನನ್ನ ಅಭಿಪ್ರಾಯ. ಜನಾಂಗೀಯ ನಿಂದನೆಯ ಮಾತಿಗಾಗಿ 2007ರಲ್ಲಿ ಅವರನ್ನು ತೆಗೆದುಹಾಕಲಾಯಿತು. ನಿಲಯದ ನಿಜವಾದ ಗುರುತಾದವರು 1989ರಿಂದ 2008ರವರೆಗೆ ಮಧ್ಯಾಹ್ನದ ಹೊತ್ತು ಕೇಳುಗರ ಫೋನ್ ಕರೆಗಳೊಂದಿಗೆ, ಅದಕ್ಕಿಂತ ಹೆಚ್ಚಾಗಿ ತಮ್ಮತಮ್ಮಲ್ಲೇ, ವಾದಕ್ಕಿಳಿಯುತ್ತಿದ್ದ ಮೈಕ್ ಫ್ರಾನ್ಸೆಸಾ ಮತ್ತು ಕ್ರಿಸ್ ರುಸ್ಸೊ. 2012ರಿಂದ ಈ ಪ್ರಸಾರ 101.9 ಎಫ್‌ಎಂನಲ್ಲಿಯೂ ಬರುತ್ತಿದೆ.

ಮಗಳ ಮನೆಗೆಂದು ನ್ಯೂಜೆರ್ಸಿಯ ಎಡಿಸನ್‌ಗೆ ಹೋಗಿದ್ದಾಗ ನಾನೂ ಅಡುಗೆಮನೆಯ ಕಿಟಕಿಯಲ್ಲಿ ಸಣ್ಣ ಸೆಟ್ಟಿಟ್ಟು ಇದನ್ನು ಕೇಳಿದ್ದೇನೆ. ಸೆಟ್ಟನ್ನು ಮೆಲ್ಲಗೆ ತಿರುಗಿಸಿ, ಒಳಗಿನ ಫೆರೈಟ್ ಕಡ್ಡಿಯ (ಸಂಕೇತ ಹಿಡಿಯುವ ಆಂಟೆನಾ) ತುದಿ ಗೋಪುರದ ಕಡೆಗೆ ಬಂದೊಡನೆ ಅಷ್ಟು ಗಟ್ಟಿ ಧ್ವನಿಯೂ ಪಿಸುಮಾತಿನಷ್ಟಾಗುತ್ತಿತ್ತು. ಆದರೆ ನಮ್ಮೂರಿನಲ್ಲಿ ಅದನ್ನು ಹಿಡಿಯುವ ಆಸೆ ಬೇಡ. ಭೂಮಿಯ ಆಚೆ ಬದಿಯ ಮಧ್ಯಮ ತರಂಗ ಈ ಸೆಟ್ಟಿಗೆ ಎಟುಕುವುದಿಲ್ಲ.

ಇನ್ನು ಕರಕರ ಶಬ್ದದ ವಿಷಯ. ಅಮೆರಿಕದಲ್ಲಿ ನಿಲಯಗಳು 10 ಕಿಲೋಹರ್ಟ್ಸ್ ಅಂತರದಲ್ಲಿರುತ್ತವೆ, ನಮ್ಮಲ್ಲಿ 9ರ ಅಂತರದಲ್ಲಿ. ಹಾಗಾಗಿ ಬೆಂಗಳೂರಿನ 612ಕ್ಕೆ ನಿಮ್ಮ ಸೆಟ್ಟು 610ರವರೆಗೆ ಮಾತ್ರ ಬಂದು ನಿಲ್ಲುತ್ತಿದೆ. ಬ್ಯಾಟರಿ ಗೂಡಿನೊಳಗೋ ಹಿಂಬದಿಯಲ್ಲೋ ‘9/10’ ಎಂಬ ಸಣ್ಣ ಸ್ವಿಚ್ ಇದೆಯೇ ನೋಡಿ, ಇದ್ದರೆ 9ಕ್ಕೆ ತಳ್ಳಿ. ಹೀಗೆ ಬದಲಿಸಿದಾಗ ಹಲವು ಸೆಟ್ಟುಗಳಲ್ಲಿ ಗುಂಡಿಗಳಿಗೆ ಹೊಂದಿಸಿಟ್ಟ ನಿಲಯಗಳು ಅಳಿಸಿಹೋಗುತ್ತವೆ. ಆದ್ದರಿಂದ ಸೋದರಮಾವನವರು ಯಾವ ಗುಂಡಿಗೆ 660 ಕೊಟ್ಟಿದ್ದರೆಂದು ಮೊದಲೇ ನೋಡಿ ಬರೆದಿಟ್ಟುಕೊಳ್ಳಿ.