ಪಕ್ಕದ ಬೆಂಚಿನಲ್ಲಿ ‘ಅಮ್ಮ’

ಪ್ರಶ್ನೆ: ಎರಡನೇ ತರಗತಿಯ ಮಗಳ ಪಕ್ಕ ಕೂರುವ ಹುಡುಗನಿಗೆ ನಿನ್ನೆ ‘ಅಮ್ಮ’ ಎದ್ದಿದೆ. ಇವಳಿಗೆ ಲಸಿಕೆ ಹಾಕಿಸಿಲ್ಲ. ಶಾಲೆ ಬಿಡಿಸಲೇ? ಮನೆಯಲ್ಲಿ ಬಸುರಿ ನಾದಿನಿ ಇದ್ದಾಳೆ.

ಉತ್ತರ: ಮೊದಲು ಲಸಿಕೆ. ‘ಅಮ್ಮ’ ಅಂದರೆ ಸೀತಾಳೆ ಸಿಡುಬು; ಅದು ಎದ್ದವರ ಒಡನಾಟವಾಗಿ 3ರಿಂದ 5 ದಿನದೊಳಗೆ ಹಾಕಿಸಿದರೆ ರೋಗ ತಪ್ಪಬಹುದು, ಬಂದರೂ ಹಗುರ. ಮಕ್ಕಳ ವೈದ್ಯರ ಬಳಿ ಇವತ್ತೇ ಹೋಗಿ. ಗುಳ್ಳೆ ಏಳಲು 10ರಿಂದ 21 ದಿನ ಹಿಡಿಯುತ್ತದೆ. ಏಳುವ ಒಂದೆರಡು ದಿನ ಮುಂಚೆಯೇ ಹರಡುವುದರಿಂದ ಆ ಅವಧಿಯಲ್ಲಿ ಬರೀ ಜ್ವರ ಕಂಡರೂ ಶಾಲೆ ಬೇಡ. ಎದೆ, ಬೆನ್ನಿನ ಮೇಲೆ ನೀರುಗುಳ್ಳೆ ಎದ್ದರೆ ಕೊನೆಯದೂ ಹಕ್ಕಳೆಗಟ್ಟುವವರೆಗೆ ಮನೆಯಲ್ಲೇ ಇರಲಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡವೇ ಬೇಡ. ಬೇವಿನ ಸೊಪ್ಪು ಹಾಸಿ, ಅಡ್ಡಿಯಿಲ್ಲ. ಸ್ನಾನ ಮಾತ್ರ ನಿಲ್ಲಿಸಬೇಡಿ. ನಾದಿನಿಗೆ ಹಿಂದೆ ಇದು ಬಂದಿರದಿದ್ದರೆ ಅವರ ವೈದ್ಯರಿಗೆ ಈಗಲೇ ತಿಳಿಸಿ. ಬಸುರಿಯರಿಗೆ ಈ ಲಸಿಕೆ ಕೊಡುವಂತಿಲ್ಲ.