32ಕ್ಕೇ ಲಿವಿಂಗ್ ವಿಲ್ ಬೇಕಾ?

ಪ್ರಶ್ನೆ: ನನಗೆ 32 ವರ್ಷ, ಆರೋಗ್ಯ ಚೆನ್ನಾಗಿದೆ. ಈಗಲೇ ಲಿವಿಂಗ್ ವಿಲ್ ಬರೆಯಬಹುದಾ? ಹೇಗೆ?

ಉತ್ತರ: ಬರೆಯಬಹುದು. 18 ತುಂಬಿ, ಬುದ್ಧಿ ಸ್ಥಿಮಿತದಲ್ಲಿದ್ದರೆ ಸಾಕು. ಅಪಘಾತ ವಯಸ್ಸು ಕೇಳಿಕೊಂಡು ಬರುವುದಿಲ್ಲ, ಅಲ್ವಾ?

ಇದು ಆಸ್ತಿಯ ವಿಲ್ ಅಲ್ಲ. ಮುಂದೆ ನಮಗೆ ಮಾತಾಡುವ ಸ್ಥಿತಿ ಇಲ್ಲದೆ, ಗುಣವಾಗುವ ಆಸೆಯೂ ಉಳಿಯದಿದ್ದರೆ ವೆಂಟಿಲೇಟರ್‌ನಂಥ ಚಿಕಿತ್ಸೆ ಬೇಕೋ ಬೇಡವೋ ಎಂದು ಮೊದಲೇ ಬರೆದಿಡುವುದು. ಸುಪ್ರೀಂ ಕೋರ್ಟ್ ಇದನ್ನು 2018ರಲ್ಲಿ ಒಪ್ಪಿತು. ಆದರೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಅಷ್ಟು ಓಡಾಡುವವರು ಯಾರು! 2023ರಲ್ಲಿ ಕೋರ್ಟೇ ಸರಳ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯಿತು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ.

ನಿಮ್ಮ ಪರವಾಗಿ ಮಾತಾಡುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ನನ್ನ ಪ್ರಕಾರ ಇದೇ ಮುಖ್ಯ. ಹತ್ತಿರದವರು ಅಂತ ಸುಮ್ನೆ ಬರೆಯಬೇಡಿ, ಗಟ್ಟಿ ಮನಸ್ಸಿನವರನ್ನು ಆರಿಸಿ. ಚಿಕಿತ್ಸೆ ನಿಲ್ಲಿಸಲು ಎರಡು ವೈದ್ಯ ಮಂಡಳಿಗಳ ಒಪ್ಪಿಗೆಯೂ ಬೇಕು. ಇಂಜೆಕ್ಷನ್ ಕೊಟ್ಟು ಸಾಯಿಸಲು ಮಾತ್ರ ಅವಕಾಶವಿಲ್ಲ.

ಮದುವೆ, ಮಗು, ದೊಡ್ಡ ಕಾಯಿಲೆ ಬಂದಾಗ ತೆಗೆದು ಓದಿ. ಮನಸ್ಸು ಬದಲಾದರೆ ಬರೆದುಕೊಟ್ಟು ರದ್ದು ಮಾಡಬಹುದು. ಮನೆಯವರಿಗೊಂದು, ಡಾಕ್ಟರಿಗೊಂದು ಪ್ರತಿ ಕೊಡಿ. ಬೀರುವಿನಲ್ಲಿ ಬೀಗ ಹಾಕಿಟ್ಟರೆ ಐಸಿಯು ಹೊರಗೆ ನಿಂತವರಿಗೆ ಗೊತ್ತಾಗುವುದು ಹೇಗೆ?