ಏಪಿಟಿ ಕೆಟ್ಟಿಲ್ಲ, ಬೂಟ್ ತುಂಬಿದೆ

ಉಬುಂಟು, ಮಿಂಟ್, ಡೆಬಿಯನ್ ಲಿನಕ್ಸ್ ಬಳಸುವವರಿಂದ ಸುತ್ತಿ ಸುತ್ತಿ ಅದೇ ಪ್ರಶ್ನೆ ಬರುತ್ತದೆ: ಏಪಿಟಿ ಕೆಟ್ಟಿದೆ, ಏನು ಮಾಡಲಿ? ಏಪಿಟಿ ಎಂದರೆ ಸಾಫ್ಟ್‌ವೇರ್ ಪ್ಯಾಕೇಜ್‌ಗಳನ್ನು ತರುವ, ತೆಗೆಯುವ ಸಾಧನ, ಡಿಪಿಕೆಜಿ ಅದರ ಕೆಳಗೆ ಅವನ್ನು ನಿಜವಾಗಿ ಹಾಕುವ ಪ್ರೋಗ್ರಾಮ್. ಏಪಿಟಿ ಕೆಡುವುದು ಅಪರೂಪ. ಕೆಟ್ಟಿರುವುದು ಬೇರೇನೋ, ಅದನ್ನು ಏಪಿಟಿ ವರದಿ ಮಾಡುತ್ತಿದೆ ಅಷ್ಟೆ. ಟರ್ಮಿನಲ್ ತೆರೆಯುವುದು ಹೇಗೆ, ಸುಡೊ ಎಂದರೇನು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಪ್ರಶ್ನೆ: ಅಪ್‌ಗ್ರೇಡ್ ನಡೆಯುತ್ತಿದ್ದಾಗ ಕರೆಂಟ್ ಹೋಯಿತು. ಈಗ ಏನನ್ನು ಇನ್‌ಸ್ಟಾಲ್ ಮಾಡಹೋದರೂ 'ಡಿಪಿಕೆಜಿ --ಕಾನ್ಫಿಗರ್ -ಎ' ಓಡಿಸಿ ಎನ್ನುತ್ತದೆ. ಓಡಿಸಿದರೆ ಇನಿಟ್‌ರಾಮ್‌ಎಫ್‌ಎಸ್ ಹಂತದಲ್ಲಿ ಜಾಗವಿಲ್ಲ ಎಂದು ನಿಲ್ಲುತ್ತದೆ. ಹೋಮ್‌ನಲ್ಲಿ 200 ಜಿಬಿ ಖಾಲಿಯಿದೆ. ಡಿಪಿಕೆಜಿಯ ಇನ್ಫೋ ಫೋಲ್ಡರಿನ ಹೆಸರು ಬದಲಿಸಿದರೆ ಸರಿಹೋಗುತ್ತದೆ ಎಂದು ಒಂದು ವಿಡಿಯೊದಲ್ಲಿತ್ತು. ಮಾಡಲೇ?

ಉತ್ತರ: ಇನ್ಫೋ ಫೋಲ್ಡರನ್ನು ಮುಟ್ಟಬೇಡಿ. ಯಾವ ಪ್ಯಾಕೇಜಿನ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಗಳೂ ಪ್ರತಿ ಪ್ಯಾಕೇಜನ್ನು ಜೋಡಿಸುವ, ತೆಗೆಯುವ ಸ್ಕ್ರಿಪ್ಟ್‌ಗಳೂ ಇರುವುದು ಅಲ್ಲೇ. ಅದನ್ನು ಸರಿಸಿದರೆ ತಪ್ಪು ಹೇಳಲು ಸ್ಕ್ರಿಪ್ಟೇ ಇಲ್ಲದ ಕಾರಣ ಎರರ್ ಮಾಯವಾಗುತ್ತದೆ. ವಿಡಿಯೊದವರು ಅಷ್ಟಕ್ಕೇ ಚಪ್ಪಾಳೆ ಗಿಟ್ಟಿಸಿಕೊಳ್ಳುತ್ತಾರೆ. ಆಮೇಲೆ ಪ್ರತಿ ಪ್ಯಾಕೇಜಿಗೂ 'ಫೈಲ್ ಪಟ್ಟಿ ಕಾಣೆಯಾಗಿದೆ' ಎಂಬ ಎಚ್ಚರಿಕೆ ಸಾಲುಸಾಲಾಗಿ ಬರುತ್ತದೆ. ಪ್ಯಾಕೇಜ್ ತೆಗೆದರೂ ಫೈಲ್‌ಗಳು ಡಿಸ್ಕಿನಲ್ಲೇ ಉಳಿಯುತ್ತವೆ. ಈಗಾಗಲೇ ಸರಿಸಿದ್ದರೆ ಹಳೆಯ ಫೋಲ್ಡರನ್ನು ಇವತ್ತೇ ಅದರ ಜಾಗಕ್ಕೆ ತನ್ನಿ.

ಡಿಪಿಕೆಜಿ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ: ಮೊದಲು ಬಿಚ್ಚುವುದು, ಆಮೇಲೆ ಜೋಡಿಸುವುದು. ನಡುವೆ ಕರೆಂಟ್ ಹೋದರೆ ಎಲ್ಲಿ ನಿಂತಿತ್ತು ಎಂಬುದು ಸ್ಟೇಟಸ್ ಫೈಲಿನಲ್ಲಿ ಇರುತ್ತದೆ. 'ಡಿಪಿಕೆಜಿ -ಎಲ್' ಕೊಟ್ಟು ಮೊದಲ ಕಾಲಂ ನೋಡಿ. ಐಐ ಎಂದರೆ ಸರಿಯಾಗಿದೆ. ಐಯು ಎಂದರೆ ಬಿಚ್ಚಿದೆ, ಜೋಡಿಸಿಲ್ಲ. ಐಎಫ್ ಎಂದರೆ ಜೋಡಿಸುವಾಗ ಸೋತಿದೆ. ಆರ್‌ಸಿ ಎಂದಿದ್ದರೆ ಪ್ಯಾಕೇಜ್ ಹೋಗಿದೆ, ಕಾನ್ಫಿಗ್ ಮಾತ್ರ ಉಳಿದಿದೆ, ತಲೆಕೆಡಿಸಿಕೊಳ್ಳಬೇಡಿ. ನಿಂತ ಕಡೆಯಿಂದ ಮುಂದುವರಿಸುವುದೇ 'ಕಾನ್ಫಿಗರ್ -ಎ' ಕೆಲಸ. ನಿಮ್ಮಲ್ಲಿ ಅದು ಮುಂದುವರಿಯದೆ ಇರಲು ಕಾರಣ ಕರೆಂಟಲ್ಲ, ಕಂಪ್ಯೂಟರ್ ಶುರುವಾಗಲು ಬೇಕಾದ ಫೈಲ್‌ಗಳಿರುವ /ಬೂಟ್ ಫೋಲ್ಡರ್ ತುಂಬಿರುವುದು.

'ಡಿಎಫ್ -ಎಚ್ /ಬೂಟ್' ಕೊಡಿ. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಎನ್‌ಕ್ರಿಪ್ಶನ್ ಆರಿಸಿದ್ದವರಿಗೆ ಬೂಟ್ ಬೇರೆಯೇ ಪಾರ್ಟಿಷನ್, ಅದೂ ಚಿಕ್ಕದು. ಹೋಮ್‌ನಲ್ಲಿ 200 ಜಿಬಿ ಇದ್ದರೂ ಅದಕ್ಕೆ ಉಪಯೋಗವಿಲ್ಲ. ಪ್ರತಿ ಕರ್ನಲ್ಲಿಗೂ (ಸಿಸ್ಟಮ್ಮಿನ ತಿರುಳು ಪ್ರೋಗ್ರಾಮ್) ಬೂಟ್ ಆಗಲು ಬೇಕಾದ ಒಂದು ಇನಿಟ್ಆರ್‌ಡಿ ಫೈಲ್ ಇರುತ್ತದೆ, ಇನಿಟ್‌ರಾಮ್‌ಎಫ್‌ಎಸ್ ಹಂತದಲ್ಲಿ ತಯಾರಾಗುವುದು ಇದೇ, ಅದು 100 ಎಂಬಿ ದಾಟುವುದು ಸಾಮಾನ್ಯ. ಹೊಸದನ್ನು ಮೊದಲು '.ನ್ಯೂ' ಬಾಲದ ಹೆಸರಿನಲ್ಲಿ ಬರೆದು ಆಮೇಲೆ ಹಳೆಯದರ ಮೇಲೆ ಕೂರಿಸುತ್ತಾರೆ. ಅಂದರೆ ಸ್ವಲ್ಪ ಹೊತ್ತು ಎರಡಕ್ಕೂ ಜಾಗ ಬೇಕು.

ಮೊದಲು, ಬೇಡವಾದ ಹಳೆಯ ಪ್ಯಾಕೇಜ್‌ಗಳನ್ನು ತೆಗೆಯುವ 'ಸುಡೊ ಏಪಿಟಿ ಆಟೊರಿಮೂವ್ --ಪರ್ಜ್' ಕೊಟ್ಟು ನೋಡಿ. ಕೆಲಸ ಮಾಡಿದರೆ ಒಳ್ಳೆಯದು. ಹಲವು ಸಲ ಅವಲಂಬನೆ ಪೂರ್ತಿಯಾಗಿಲ್ಲ ಎಂದು ಹಟ ಹಿಡಿಯುತ್ತದೆ, ಇಲ್ಲವೇ ಬಾಕಿ ಕರ್ನಲನ್ನು ಜೋಡಿಸಹೋಗಿ ಅದೇ ಕಡೆ ಮುಗ್ಗರಿಸುತ್ತದೆ. ಆಗ ಹೀಗೆ ಮಾಡಿ:

'ಯುನೇಮ್ -ಆರ್' ಕೊಟ್ಟು ಈಗ ಓಡುತ್ತಿರುವ ಕರ್ನಲ್ ಯಾವುದು ಎಂದು ಬರೆದಿಟ್ಟುಕೊಳ್ಳಿ. ಅದನ್ನೂ ಎಲ್ಲಕ್ಕಿಂತ ಹೊಸದನ್ನೂ ಬಿಟ್ಟು, ಅತಿ ಹಳೆಯ ಒಂದನ್ನು ಆರಿಸಿ. 'ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಡಿ -ಕೆ', ಅದರ ಮುಂದೆ ಆ ಹಳೆಯ ಆವೃತ್ತಿಯ ಪೂರ್ತಿ ಹೆಸರು. ಇದು ಆ ಒಂದು ಇನಿಟ್ಆರ್‌ಡಿ ಫೈಲನ್ನು ಮಾತ್ರ ಅಳಿಸುತ್ತದೆ. ವಿಎಮ್‌ಲಿನಜ್ ಫೈಲ್‌ಗಳನ್ನು, ಅಂದರೆ ಕರ್ನಲ್ ಫೈಲ್‌ಗಳನ್ನು, ಕೈಯಾರೆ ಅಳಿಸಬೇಡಿ. ಅವು ಪ್ಯಾಕೇಜಿನ ಸೊತ್ತು, ಅಳಿಸಿದ್ದು ಡಿಪಿಕೆಜಿಗೆ ಗೊತ್ತಾಗುವುದಿಲ್ಲ.

ಜಾಗ ಸಿಕ್ಕ ಮೇಲೆ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ', ನಂತರ 'ಸುಡೊ ಏಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್'. ಎರಡನೆಯದು ಒಪ್ಪಿಗೆ ಕೇಳಿದಾಗ ಕಣ್ಣುಮುಚ್ಚಿ ವೈ ಒತ್ತಬೇಡಿ. ತೆಗೆಯಲಾಗುವ ಪ್ಯಾಕೇಜ್‌ಗಳ ಪಟ್ಟಿ ಓದಿ. ಅದರಲ್ಲಿ ಉಬುಂಟು-ಡೆಸ್ಕ್‌ಟಾಪ್, ನೆಟ್‌ವರ್ಕ್-ಮ್ಯಾನೇಜರ್ ಕಂಡರೆ ಅಲ್ಲೇ ನಿಲ್ಲಿಸಿ. ಇಲ್ಲದಿದ್ದರೆ ಮುಗಿಸಿ, ಮತ್ತೆ ಆಟೊರಿಮೂವ್ ಓಡಿಸಿ. ಇನಿಟ್ಆರ್‌ಡಿ ಅಳಿಸಿದ ಆ ಹಳೆಯ ಕರ್ನಲ್ ಅದರಲ್ಲಿ ಹೋಗದಿದ್ದರೆ 'ಏಪಿಟಿ ಪರ್ಜ್' ಕೊಟ್ಟು ಹೆಸರು ಹೇಳಿ ತೆಗೆಯಿರಿ. ಬಿಟ್ಟರೆ ಕಂಪ್ಯೂಟರ್ ಶುರುವಾಗುವಾಗ ಕರ್ನಲ್ ಆರಿಸುವ ಗ್ರಬ್ ಮೆನುವಿನಲ್ಲಿ ಬೂಟ್ ಆಗದ ಒಂದು ಸಾಲು ಉಳಿಯುತ್ತದೆ.

ರೀಬೂಟ್ ಮಾಡುವ ಮುಂಚೆ /ಬೂಟ್ ಒಳಗೆ ನೋಡಿ. ಹೊಸ ಕರ್ನಲ್ಲಿನ ವಿಎಮ್‌ಲಿನಜ್, ಇನಿಟ್ಆರ್‌ಡಿ ಎರಡೂ ಇರಬೇಕು. ಎರಡನೆಯದು ಇಲ್ಲದೆ ಶುರು ಮಾಡಿದರೆ ರೂಟ್ ಫೈಲ್ ಸಿಸ್ಟಮ್ ಸಿಗದೆ ಕರ್ನಲ್ ಪ್ಯಾನಿಕ್ ಆಗುತ್ತದೆ. ಹಾಗಾದರೂ ಗಾಬರಿ ಬೇಡ, ಗ್ರಬ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಆರಿಸಿ ಒಳಗೆ ಬನ್ನಿ.

'ಕಾನ್ಫಿಗರ್ -ಎ' ಓಡಿಸಿ ಎಂಬ ಎರರ್ ಬಂದು, ಬೂಟ್‌ನಲ್ಲಿ ಜಾಗವಿದ್ದರೆ, ಕೊನೆಯ ಸಾಲನ್ನಲ್ಲ, ಮೊದಲ ಎರರನ್ನು ಹುಡುಕಿ. ಪೂರ್ತಿ ಔಟ್‌ಪುಟ್ /ವಾರ್/ಲಾಗ್/ಏಪಿಟಿ/ಟರ್ಮ್.ಲಾಗ್‌ನಲ್ಲಿದೆ. ಎನ್‌ವಿಡಿಯಾ ಡ್ರೈವರ್ ಇದ್ದವರು, ಕರ್ನಲ್ಲಿಗೆ ತಕ್ಕಂತೆ ಡ್ರೈವರ್ ಕಂಪೈಲ್ ಮಾಡುವ ಡಿಕೆಎಮ್‌ಎಸ್‌ನ ಸಾಲುಗಳನ್ನು ನೋಡಿ. ಹೊಸ ಕರ್ನಲ್ಲಿಗೆ ಹಳೆಯ ಡ್ರೈವರ್ ಕಂಪೈಲ್ ಆಗದಿರುವುದು ದಿನನಿತ್ಯದ ಕಥೆ. ಇನ್ನು, ಕರೆಂಟ್ ಹೋದಾಗ ಸ್ಟೇಟಸ್ ಫೈಲೇ ಖಾಲಿಯಾಗಿದ್ದರೆ ಅದರ ಪಕ್ಕದಲ್ಲೇ 'ಸ್ಟೇಟಸ್-ಓಲ್ಡ್' ಇರುತ್ತದೆ, /ವಾರ್/ಬ್ಯಾಕಪ್ಸ್‌ನಲ್ಲಿ ಹಿಂದಿನ ದಿನಗಳ ಪ್ರತಿಗಳೂ ಇರುತ್ತವೆ.

ಪ್ರಶ್ನೆ: ಲಾಕ್ ಸಿಗುತ್ತಿಲ್ಲ ಎನ್ನುತ್ತದೆ. 'ಆರ್‌ಎಮ್' ಕೊಟ್ಟು ಲಾಕ್ ಫೈಲ್ ಅಳಿಸಿದೆ, ಸರಿಹೋಯಿತು. ಹೀಗೆ ಮಾಡಬಹುದಲ್ಲವೇ?

ಉತ್ತರ: ಮಾಡಬಾರದು. ಒಂದೇ ಹೊತ್ತಿಗೆ ಇಬ್ಬರು ಪ್ಯಾಕೇಜ್ ಡೇಟಾಬೇಸಿಗೆ ಬರೆಯದಂತೆ ತಡೆಯುವ ಲಾಕ್ ಇರುವುದು ಆ ಫೈಲ್ ಇದೆ ಎಂಬುದರಲ್ಲಲ್ಲ, ಓಡುತ್ತಿರುವ ಒಂದು ಪ್ರೋಗ್ರಾಮ್ ಕರ್ನಲ್ ಮೂಲಕ ಅದನ್ನು ಹಿಡಿದುಕೊಂಡಿರುವುದರಲ್ಲಿ. ಪ್ರೋಗ್ರಾಮ್ ಸತ್ತರೆ ಲಾಕ್ ತಾನಾಗಿ ಬಿಡುತ್ತದೆ. ಆದ್ದರಿಂದ ಫೈಲ್ ಅಳಿಸುವ ಅಗತ್ಯ ಎಂದೂ ಇಲ್ಲ. ಅಳಿಸಿದರೆ ಹೊಸ ಫೈಲ್ ಹುಟ್ಟುತ್ತದೆ, ಎರಡನೆಯ ಡಿಪಿಕೆಜಿ ಅದನ್ನು ಹಿಡಿಯುತ್ತದೆ, ಇಬ್ಬರೂ ಒಂದೇ ಡೇಟಾಬೇಸಿಗೆ ಬರೆಯುತ್ತಾರೆ. ನಿಮ್ಮದು ಸರಿಹೋಗಿದ್ದು ಅದೃಷ್ಟ.

ಲಾಕ್ ಹಿಡಿದಿರುವ ಪ್ರೋಗ್ರಾಮಿನ ಸಂಖ್ಯೆಯೂ ಹೆಸರೂ ಎರರಿನಲ್ಲೇ ಇರುತ್ತದೆ. ಹೆಚ್ಚಾಗಿ ಅದು ತಾನಾಗಿ ಅಪ್‌ಡೇಟ್ ಹಾಕುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್. ಕಂಪ್ಯೂಟರ್ ಆಫ್ ಇದ್ದಾಗ ತಪ್ಪಿಹೋದ ಅಪ್‌ಡೇಟ್ ಸರದಿಯನ್ನು ಆನ್ ಮಾಡಿದ ಮೇಲೆ ತೀರಿಸಿಕೊಳ್ಳುತ್ತದೆ. ಚಹಾ ಕುಡಿದು ಬನ್ನಿ. ನಿಜಕ್ಕೂ ಜಡವಾಗಿ ಕೂತಿದ್ದರೆ ಬರೀ 'ಕಿಲ್' ಕೊಡಿ, 'ಕಿಲ್ -9' ಬೇಡ. ಅದಾದ ಮೇಲೆ 'ಕಾನ್ಫಿಗರ್ -ಎ'.

ಪ್ರಶ್ನೆ: ಉಬುಂಟು 22.04ರಲ್ಲಿ ಪೈಥಾನ್3 ಅನ್ನು 3.12ಕ್ಕೆ ತಿರುಗಿಸಿದೆ. ಈಗ 'ಏಪಿಟಿ_ಪಿಕೆಜಿ' ಮಾಡ್ಯೂಲ್ ಇಲ್ಲ ಎನ್ನುತ್ತದೆ.

ಉತ್ತರ: ಇರುವುದಿಲ್ಲ. ಏಪಿಟಿಯ ಆ ಪೈಥಾನ್ ಮಾಡ್ಯೂಲ್ 22.04ರ ಜೊತೆ ಬಂದ 3.10ಕ್ಕೆ ಕಟ್ಟಿದ್ದು. 'ಸುಡೊ ಎಲ್‌ಎನ್ -ಎಸ್‌ಎಫ್ ಪೈಥಾನ್3.10 /ಯುಎಸ್‌ಆರ್/ಬಿನ್/ಪೈಥಾನ್3' ಕೊಟ್ಟು ವಾಪಸ್ ತಿರುಗಿಸಿ. ನಿಮ್ಮ ಪ್ರಯೋಗ ವರ್ಚುವಲ್ ಎನ್ವಿರಾನ್‌ಮೆಂಟ್ ಒಳಗಿರಲಿ, ಸಿಸ್ಟಮ್ಮಿನ ಪೈಥಾನ್ ಸಿಸ್ಟಮ್ಮಿಗೆ ಬಿಡಿ.

ಪ್ರಶ್ನೆ: ಉಬುಂಟುವಿಗೆ ಕಾಲಿ ಲಿನಕ್ಸ್‌ನ ರೆಪೊಸಿಟರಿ (ಪ್ಯಾಕೇಜ್ ಸಂಗ್ರಹ) ಸೇರಿಸಿ ಟೂಲ್‌ಗಳನ್ನು ಹಾಕಿಕೊಳ್ಳಬಹುದೇ?

ಉತ್ತರ: ಬೇಡ.

ಪ್ರಶ್ನೆ: ಉಬುಂಟು 23.10ರಲ್ಲಿ ಏಪಿಟಿ ಅಪ್‌ಡೇಟ್ ಕೊಟ್ಟರೆ ಬರೀ 404 (ಸಿಗಲಿಲ್ಲ) ಎರರ್.

ಉತ್ತರ: ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ್ದು) ಅಲ್ಲದ ಆವೃತ್ತಿಗಳಿಗೆ 9 ತಿಂಗಳಷ್ಟೇ ಆಯುಸ್ಸು. ನಿಮ್ಮದು 2024ರ ಜುಲೈಯಲ್ಲೇ ಮುಗಿದಿದೆ. ರೆಪೊಸಿಟರಿ ವಿಳಾಸಗಳಲ್ಲಿ 'ಆರ್ಕೈವ್' ಮತ್ತು 'ಸೆಕ್ಯುರಿಟಿ' ಇರುವ ಕಡೆ 'ಓಲ್ಡ್-ರಿಲೀಸಸ್' ಎಂದು ಬದಲಿಸಿ, ಅಪ್‌ಡೇಟ್ ಪೂರ್ತಿ ಮುಗಿಸಿ, 24.04ಕ್ಕೆ ಹೋಗಿ. ಮುಂಚೆ ಬ್ಯಾಕಪ್ ತೆಗೆದುಕೊಳ್ಳಿ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಶುರು ಮಾಡಿ.